ಸಮಕ್ಷಮ ಎಂಬ ಕಾಲಂ

ನಮ್ಮ ಕಚೇರಿಯಲ್ಲಿ ಕನ್ನಡ ಮಾತಾಡಲು ಎಲ್ಲರಿಗೂ ಬರುತ್ತಿತ್ತು. ಓದಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಮುಂದಿನ ಫಜೀತಿಗೆಲ್ಲ ಇದೇ ಮೂಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಇಂದಿರಾನಗರದಲ್ಲಿ ಒಂದು ಮನೆಯ ಮೊದಲನೇ ಮಹಡಿಯೇ ನಮ್ಮ ಸಂಶೋಧನಾ ಸಂಸ್ಥೆ. ಮುಖ್ಯಸ್ಥರು ಒಬ್ಬ ನಿವೃತ್ತ ವೈದ್ಯೆ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಕೇರಳದಲ್ಲಿ ಹುಟ್ಟಿ ಮೂವತ್ತು ವರ್ಷ ಬೆಂಗಳೂರಿನಲ್ಲಿ ಕಳೆದವರು. ಕನ್ನಡ ಸೊಗಸಾಗಿ ಮಾತಾಡುತ್ತಿದ್ದರು, ಆದರೆ ಬಸ್ಸಿನ ಬೋರ್ಡಿನಿಂದಾಚೆ ಓದಿದವರಲ್ಲ. ಇನ್ನೊಬ್ಬಳು ಹಲಸೂರಿನ ಹುಡುಗಿ, ನನ್ನ ವಯಸ್ಸಿನವಳು. ಮನೆಯಲ್ಲಿ ತಮಿಳು, ಶಿವಾಜಿನಗರದ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಕನ್ನಡ. ಅವಳ ಪಾಲಿಗೆ ಕನ್ನಡ ಬಾಯಲ್ಲಿ ಇರುವ ಭಾಷೆ, ಕಾಗದದ ಮೇಲಿನದಲ್ಲ. ಅವಳ ಮಾತು ಕೇಳಿ ಓದಲೂ ಬರುತ್ತದೆ ಎಂದೇ ಮೇಡಂ ತಿಳಿದಿದ್ದರು. ಮೂರನೆಯವಳು ನಾನು. ರಾಯಚೂರು ಕಡೆಯವಳು, ಸಂಖ್ಯಾಶಾಸ್ತ್ರ ಓದಿದವಳು, ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು.

ಜೀವನ್ ಬಿಮಾ ನಗರದಲ್ಲಿ ತಾರಸಿಯ ಮೇಲೆ ಒಂದು ಕೋಣೆ ಹಿಡಿದಿದ್ದೆ. ಹತ್ತು ನಿಮಿಷಕ್ಕೊಂದು ವಿಮಾನ ತಲೆಯ ಮೇಲೇ ಇಳಿಯುತ್ತಿತ್ತು. ಶನಿವಾರ ಮಧ್ಯಾಹ್ನ ಕಚೇರಿಯಿಂದ ಬಂದರೆ ಸೋಮವಾರದ ತನಕ, ಭಾನುವಾರ ಅಕ್ಕನಿಗೆ ಮಾಡುವ ಒಂದು ಫೋನು ಬಿಟ್ಟರೆ, ಬಾಯಿ ಬಿಡುವ ಪ್ರಸಂಗವೇ ಇರುತ್ತಿರಲಿಲ್ಲ. ಬಂದ ಹೊಸದರಲ್ಲಿ ನಾನು ‘ಬರ್ತೀನ್ರಿ, ಹೊಂಟೇನ್ರಿ’ ಎಂದರೆ ಬೀದಿಯ ಅಂಗಡಿಯವರು ನಗುತ್ತಿದ್ದರು. ಹಾಗಾಗಿ ಇಲ್ಲಿಯ ಕನ್ನಡ ಕಲಿತೆ. ಕಲಿತ ಮೇಲೆ ನಗುವವರು ಇಲ್ಲವಾದರು, ಮಾತಾಡಿಸುವವರಂತೂ ಮೊದಲೂ ಇರಲಿಲ್ಲ. ನನ್ನ ಮಾತಿಗೆ ನಗದವಳು ಹಲಸೂರಿನ ಗೆಳತಿಯೊಬ್ಬಳೇ. ದಿನಾ ಮಧ್ಯಾಹ್ನ ಅವಳ ಡಬ್ಬಿಯ ಪುಳಿಯೋಗರೆಯೂ ನನ್ನ ಡಬ್ಬಿಯ ಜೋಳದ ರೊಟ್ಟಿಯೂ ಅದಲುಬದಲಾಗುತ್ತಿದ್ದವು. ಆ ಅರ್ಧ ಗಂಟೆಗೋಸ್ಕರ ನಾನು ಕಚೇರಿಗೆ ಹೋಗುತ್ತಿದ್ದೆ ಎಂದರೂ ತಪ್ಪಿಲ್ಲ.

ನಮಗೆ ಬಂದ ಕೆಲಸ ಹೀಗಿತ್ತು. ಬಸುರಿಯರಿಗೆ ರಕ್ತ ಹೆಚ್ಚಲಿ ಎಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರಷ್ಟೆ. ಕೆಲವು ಕಡೆ ಪೊಟ್ಟಣ ಕಟ್ಟಿ ಮನೆಗೆ ಕೊಟ್ಟು ಕಳಿಸುತ್ತಾರೆ. ಕೆಲವು ಕಡೆ ದಿನವೂ ಕೇಂದ್ರಕ್ಕೆ ಕರೆಸಿ ಕಾರ್ಯಕರ್ತೆಯ ಕಣ್ಣೆದುರೇ ನುಂಗಿಸುತ್ತಾರೆ. ಯಾವುದು ಮೇಲು? ಬೇರೆ ಬೇರೆ ಊರುಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ ಒಂದು ಉತ್ತರ ತೆಗೆಯಬೇಕಿತ್ತು. ಇದಕ್ಕೆ ಮೆಟಾ ಅನಾಲಿಸಿಸ್ ಎನ್ನುತ್ತಾರೆ. ಕೇಳಿದ್ದು ಒಂದು ದಾನಿ ಸಂಸ್ಥೆ. ನಮ್ಮ ಕಡೆಯ ಕೆಲವು ತಾಲ್ಲೂಕುಗಳಲ್ಲಿ ಮಾತ್ರೆಯ ಖರ್ಚು ಅವರದು. ‘ಎದುರಿಗೆ ನುಂಗಿಸುವುದೇ ಸರಿ’ ಎಂದು ನಾವು ಬರೆದರೆ ಮನೆಗೆ ಪೊಟ್ಟಣ ಕೊಡುವುದು ನಿಂತುಹೋಗುತ್ತಿತ್ತು. ಆ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದೂ ಇತ್ತು. ನಮ್ಮಕ್ಕ ಅಲ್ಲೇ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಪ್ರತಿ ಅಧ್ಯಯನವನ್ನೂ ಇಬ್ಬರು ಬೇರೆ ಬೇರೆ ಕೂತು ಓದಬೇಕು, ಬೇರೆ ಬೇರೆ ಫಾರಂ ತುಂಬಬೇಕು, ಆಮೇಲೆ ತಾಳೆ ನೋಡಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರದು ಹಿಡಿಯುತ್ತದೆ ಎಂಬ ಲೆಕ್ಕ. ಇಂಗ್ಲಿಷಿನ ಅಧ್ಯಯನಗಳಲ್ಲಿ ನಾನೂ ಗೆಳತಿಯೂ ಹಾಗೇ ಮಾಡಿದೆವು. ಅವಳು ನನ್ನ ತಪ್ಪು ಹಿಡಿದದ್ದೇ ಹೆಚ್ಚು.

ತೊಡಕು ಬಂದದ್ದು ಮೂರು ಕನ್ನಡ ವರದಿಗಳಲ್ಲಿ. ಎಲ್ಲೂ ಅಚ್ಚಾಗದ, ನಮ್ಮ ಕಡೆಯ ಸಣ್ಣ ಸಂಸ್ಥೆಗಳು ಬರೆದು ಬೀರುವಿನಲ್ಲಿಟ್ಟಿದ್ದ ವರದಿಗಳು. ಮೂರೂ ದೊಡ್ಡ ಅಧ್ಯಯನಗಳೇ. ಝೆರಾಕ್ಸಿನ ಝೆರಾಕ್ಸು ತೆಗೆದು ಅಕ್ಷರ ಮಸುಕಾಗಿತ್ತು. ಅವನ್ನು ಪತ್ರ ಬರೆದು ತರಿಸಿಕೊಂಡವಳು ನಾನೇ. ಮೇಡಂಗೂ ಖುಷಿ. ‘ಯಾರಿಗೂ ಸಿಗದಿರೋ ಡೇಟಾ ನಮ್ ಹತ್ರ ಇದೆ’ ಎಂದು ಫೋನಿನಲ್ಲಿ ಎರಡು ಮೂರು ಜನಕ್ಕೆ ಹೇಳಿದ್ದರು.

ಗೆಳತಿ ಅವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ನಂಗೆ ಇದು ಜಿಲೇಬಿ ಥರ ಕಾಣ್ಸುತ್ತೆ ಗುರು. ನೀನು ಓದು, ನಾನು ಬರ್ಕೋತೀನಿ.”

ನಾನು ಗಟ್ಟಿಯಾಗಿ ಓದಿದೆ, ಅವಳು ಫಾರಂ ತುಂಬಿದಳು. ಅಧ್ಯಯನ ಯಾವ ಗುಂಪಿನದು ಎಂಬ ಪ್ರಶ್ನೆಗೆ ಬಂದಾಗ ಅವಳು ಕೇಳಿದಳು: “ಎದುರಿಗೆ ನುಂಗಿಸಿದ್ರಾ, ಮನೆಗೆ ಕೊಟ್ರಾ?”

“ಸಮಕ್ಷಮ ಅಂತ ಕಾಲಂ ಇದೆ. ಸೈ ಕೂಡ ಇದೆ.”

“ಸಮಕ್ಷಮ ಅಂದ್ರೆ?”

“ಎದುರಿಗೆ ಅಂತ.”

“ಹಂಗಾದ್ರೆ ಎದುರಿಗೆ ನುಂಗಿಸಿದಾರೆ. ಟಿಕ್.”

ನನ್ನ ಫಾರಮ್ಮಿನಲ್ಲೂ ಅದೇ ಟಿಕ್. ಎರಡಕ್ಕೂ ಎರಡು ಸಹಿ. ಮೊದಲು ಓದಿದವಳು ನಾನು, ಎರಡನೆಯವಳಾಗಿ ಓದಿದವಳು ಅವಳು ಎಂದು. ತಾಳೆ ನೋಡಿದಾಗ ನೂರಕ್ಕೆ ನೂರು ಹೊಂದಿಕೆ. ಹೊಂದದೆ ಏನು ಮಾಡೀತು, ನನ್ನ ಒಂದೇ ಓದನ್ನು ಎರಡು ಕೈಗಳು ಬರೆದಿದ್ದವು.

ಅಲ್ಲಿಂದ ಲೆಕ್ಕ ಶುರು. ಒಂದೊಂದು ಅಧ್ಯಯನಕ್ಕೂ ಎಷ್ಟು ಪರಿಣಾಮ, ಅದರ ಅನಿಶ್ಚಿತತೆ ಎಷ್ಟು ಎಂದು ತೆಗೆದು, ಅನಿಶ್ಚಿತತೆ ಕಡಿಮೆ ಇದ್ದದ್ದಕ್ಕೆ ಹೆಚ್ಚು ತೂಕ ಕೊಟ್ಟು ಕೂಡಿಸುತ್ತಾರೆ. ಚಿತ್ರದಲ್ಲಿ ಒಂದೊಂದು ಅಧ್ಯಯನವೂ ಒಂದು ಅಡ್ಡಗೆರೆ. ಗುಂಪಿನ ಒಟ್ಟು ಉತ್ತರ ಕೊನೆಯಲ್ಲಿ ಒಂದು ವಜ್ರದಾಕೃತಿ. ನಡುವೆ ಮೇಲಿಂದ ಕೆಳಗೆ ಇಳಿಯುವ ಗೆರೆ ಸೊನ್ನೆಯದು, ಅಂದರೆ ಮಾತ್ರೆಯಿಂದ ಏನೂ ಆಗಲಿಲ್ಲ ಎಂಬ ಗೆರೆ. ವಜ್ರ ಅದನ್ನು ಮುಟ್ಟದಿದ್ದರೆ ಪರಿಣಾಮ ಇದೆ ಎನ್ನುತ್ತಾರೆ.

ಎದುರಿಗೆ ನುಂಗಿಸಿದ ಗುಂಪಿನ ವಜ್ರ ಸೊನ್ನೆಗೆರೆಯಿಂದ ದೂರ ನಿಂತಿತ್ತು. ಮನೆಗೆ ಕೊಟ್ಟ ಗುಂಪಿನದು ತುದಿಯಲ್ಲಿ ಗೆರೆಯನ್ನು ಮುಟ್ಟಿಕೊಂಡಿತ್ತು. ಮೇಡಂ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿದರು.

“ನೋಡಮ್ಮ, ಇದು ಮುಟ್ಟಿಲ್ಲ, ಅದು ಮುಟ್ಟಿದೆ. ಮನೆಗೆ ಕೊಟ್ರೆ ಕೆಲಸ ಮಾಡಲ್ಲ ಅಂತ ಬರೆದುಬಿಡು.”

“ಹಾಗೆ ಬರೆಯೋಕಾಗಲ್ಲ ಮೇಡಂ.”

“ಯಾಕೆ ಆಗಲ್ಲ?”

“ಮೂವತ್ತೈದು ಬಂದವನು ಪಾಸು, ಮೂವತ್ನಾಲ್ಕು ಬಂದವನು ಫೇಲು. ಒಬ್ಬ ಪಾಸು, ಒಬ್ಬ ಫೇಲು ಅಂತ ಇಬ್ಬರ ಬುದ್ಧೀಲೂ ಆಕಾಶ ಭೂಮಿ ಅಂತರ ಇದೆ ಅನ್ನಕ್ಕಾಗುತ್ತಾ? ಮನೆಗೆ ಕೊಟ್ಟ ಗುಂಪಲ್ಲಿ ಅಧ್ಯಯನಗಳೇ ಕಡಿಮೆ, ಅವೂ ಸಣ್ಣವು. ವಜ್ರ ಅಗಲ ಇರೋದು ಅದಕ್ಕೆ. ಎರಡನ್ನೂ ಸೊನ್ನೆಗೆ ಹೋಲಿಸೋದಲ್ಲ, ಒಂದನ್ನ ಇನ್ನೊಂದಕ್ಕೆ ಹೋಲಿಸ್ಬೇಕು.”

ಒಂದು ವಾರ ಜಗಳ ನಡೆಯಿತು. ‘ನಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎನ್ನುವ ಜಾತಿ ಇಬ್ಬರದೂ. ಕೊನೆಗೆ ಅವರೇ ಸೋತರು. “ಸರಿ, ನಿನ್ ಟೆಸ್ಟ್ ಮಾಡು. ಬಂದದ್ದನ್ನ ಇಬ್ಬರೂ ಒಪ್ಕೋಬೇಕು,” ಎಂದರು.

ಲೆಕ್ಕ ಸರಳ. ಎರಡು ಗುಂಪುಗಳ ಉತ್ತರಗಳ ವ್ಯತ್ಯಾಸ ತೆಗೆಯಬೇಕು. ಎರಡರ ಅನಿಶ್ಚಿತತೆಯನ್ನೂ ವರ್ಗ ಮಾಡಿ ಕೂಡಿಸಿ, ಅದರ ವರ್ಗಮೂಲದಿಂದ ಭಾಗಿಸಬೇಕು. ಬೇರೆ ದಾರಿಯಿಂದಲೂ ಸರಿನೋಡಿದೆ. ಅಧ್ಯಯನಗಳ ಒಟ್ಟು ಏರುಪೇರಿನಲ್ಲಿ ಗುಂಪುಗಳ ಒಳಗಿನ ಏರುಪೇರು ಕಳೆದರೆ ಗುಂಪುಗಳ ನಡುವಿನದು ಉಳಿಯುತ್ತದೆ. ಎರಡೂ ದಾರಿ ಒಂದೇ ಕಡೆ ತಂದು ನಿಲ್ಲಿಸಿದವು. ವ್ಯತ್ಯಾಸ ನಿಜವಾಗಿಯೂ ಇತ್ತು.

ಮೇಡಂ ಜೋರಾಗಿ ನಕ್ಕರು. “ಜಗಳ ಆಡಿ ನನ್ ಮಾತನ್ನೇ ಪ್ರೂವ್ ಮಾಡಿದೆಯಲ್ಲಮ್ಮ!” ಎಂದು ಬೆನ್ನು ತಟ್ಟಿದರು. ನನಗೂ ಹಿಗ್ಗು. ವಿಧಾನ ಗೆದ್ದಿತ್ತು, ವಿಧಾನ ಎಂದರೆ ನಾನು ಎಂದುಕೊಂಡಿದ್ದೆ. ಕರಡು ಸಿದ್ಧವಾಯಿತು. ಶಿಫಾರಸು: ಮನೆಗೆ ಪೊಟ್ಟಣ ಕೊಡುವುದನ್ನು ನಿಲ್ಲಿಸಿ, ದಿನವೂ ಕೇಂದ್ರದಲ್ಲಿ ನುಂಗಿಸಿ. ಕೆಳಗೆ ಮೂವರ ಹೆಸರು. ಗೆಳತಿಯ ಹೆಸರು ಮೊದಲ ಬಾರಿ ಒಂದು ವರದಿಯ ಮೇಲೆ ಬರುವುದಿತ್ತು. ಅವಳು ಆ ಪುಟದ ಝೆರಾಕ್ಸು ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದ್ದಳು.

ಆ ಭಾನುವಾರ ಎಸ್‌ಟಿಡಿ ಬೂತಿನಿಂದ ಅಕ್ಕನ ಮನೆ ಎದುರಿನ ಕಿರಾಣಿ ಅಂಗಡಿಗೆ ಫೋನು ಮಾಡಿದೆ. ಅವರು ಕರೆದು ಕೊಟ್ಟರು. ಹಿಗ್ಗು ತಡೆಯಲಾರದೆ ಹೇಳಿದೆ:

“ಅಕ್ಕಾ, ನಿಮ್ಮ ಕಡೆ ಸಮಕ್ಷಮದಾಗ ಗುಳಿಗಿ ನುಂಗಸ್ತೀರಲ್ಲ, ಅದು ಭಾಳ ಛಲೋ ಅಂತ ನಮ್ಮ ಲೆಕ್ಕದಾಗ ಬಂದದ. ಇನ್ನ ಎಲ್ಲಾ ಊರಾಗೂ ಹಂಗೇ ಮಾಡ್ತಾರ.”

“ಯಾರು ನುಂಗಸ್ತಾರ?”

“ನೀವೇ. ರಜಿಸ್ಟರದಾಗ ಸಮಕ್ಷಮ ಅಂತ ಬರೀತಿರಲ್ಲ.”

ತಲೆಯ ಮೇಲೆ ವಿಮಾನ ಹಾಯಿತು. ಸದ್ದು ಇಳಿದ ಮೇಲೆ ಅಕ್ಕ ನಗುತ್ತಿದ್ದದ್ದು ಕೇಳಿಸಿತು.

“ಹುಚ್ಚಿ! ಸಮಕ್ಷಮ ಅಂದ್ರ ನುಂಗೂದಲ್ಲ. ಗುಳಿಗಿ ಪಾಕೀಟು ಹಂಚೂ ಮುಂದ ಪಂಚಾಯ್ತಿ ಮೆಂಬರ ಬಂದು ನಿಂದರತಾನ, ಸೈ ಹಾಕತಾನ. ನಾವು ಗುಳಿಗಿ ಮಾರ್ಕೊಂಡಿಲ್ಲ ಅಂತ ಸಾಕ್ಷಿ.”

“ಮತ್ತ ನುಂಗೂದು?”

“ಅದು ಅವರವರ ಮನ್ಯಾಗ. ನಾ ಯಾರ ಬಾಯಾಗ ಇಣುಕಲಿ?” ಆಮೇಲೆ ಅವಳ ದನಿ ಬದಲಾಯಿತು. “ಅಲ್ಲ, ದಿನಾ ಬರ್ರಿ ಅಂತ ಹೇಳಾವ್ರು ಏನು? ಕೂಲಿಗಿ ಹೋಗೂ ಹೆಣಮಕ್ಕಳು ಹೊಟ್ಟಿ ಹೊತ್ಕೊಂಡು ದಿನಾ ಹೆಂಗ ಬರ್ತಾರ? ಪಾಕೀಟು ನಿಂತ್ರ ಗುಳಿಗೀನೂ ನಿಂತಂಗ. ಹಂಗೇನಾರ ಬರದೀ ಏನವಾ?”

ಫೋನು ಇಟ್ಟುಬಿಟ್ಟೆ. ಬೂತಿನಿಂದ ಕೋಣೆಗೆ ನಡೆದು ಬಂದದ್ದು ನೆನಪಿಲ್ಲ. ಅದು ನಮ್ಮೂರಿನ ಮಾತು, ನನ್ನ ಮಾತು. ಪಂಚನಾಮೆಗಳಲ್ಲಿ ‘ಪಂಚರ ಸಮಕ್ಷಮ’ ಎಂದು ಬರೆಯುವುದನ್ನು ಚಿಕ್ಕಂದಿನಿಂದ ಕೇಳಿದವಳು ನಾನು. ಸಮಕ್ಷಮ ನಿಂತವನು ಸಾಕ್ಷಿಯೇ ಹೊರತು ಇನ್ನೇನಲ್ಲ. ಇಲ್ಲಿಯ ಕನ್ನಡ ಕಲಿಯುವ ಭರದಲ್ಲಿ ನನ್ನದನ್ನೇ ಮರೆತೆನೋ, ಅಥವಾ ನಮ್ಮ ಕಡೆಯವರು ಇಷ್ಟು ಅಚ್ಚುಕಟ್ಟು ಎಂದು ನಂಬುವ ಆಸೆಯಿತ್ತೋ, ಈಗಲೂ ಗೊತ್ತಿಲ್ಲ. ಮೇಡಂಗೆ ಒಂದು ವಾರ ಪಾಠ ಹೇಳಿದ್ದೆನಲ್ಲ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬಂತಾಯಿತು. ನಾಚಿಕೆಯಾಯಿತು. ಹೇಳಿಕೊಳ್ಳಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಮೂರೂ ವರದಿಗಳನ್ನು ತೆರೆದೆ. ಕಾಲಮ್ಮಿನ ತಲೆಯಲ್ಲಿ ಇದ್ದದ್ದು ‘ಸಮಕ್ಷಮ ವಿತರಣೆ’. ವಿತರಣೆ, ಸೇವನೆ ಅಲ್ಲ. ಎರಡನೇ ಪದವನ್ನು ನಾನು ಓದಿಯೂ ನುಂಗಿಬಿಟ್ಟಿದ್ದೆ. ಪಕ್ಕದಲ್ಲಿ ಇನ್ನೊಂದು ಕಾಲಂ, ‘ಮುಂದಿನ ಭೇಟಿಯಲ್ಲಿ ಉಳಿದ ಮಾತ್ರೆ’. ಕಣ್ಣೆದುರೇ ನುಂಗಿಸಿದ್ದರೆ ಉಳಿಯುವುದೆಲ್ಲಿಂದ ಬಂತು? ನಮ್ಮ ಫಾರಮ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಹಾಗಾಗಿ ನೋಡಿರಲಿಲ್ಲ. ಮೂರರಲ್ಲೂ ಒಂದೇ ನಮೂನೆ.

ಮೂರನ್ನೂ ಈ ಗುಂಪಿನಿಂದ ಆ ಗುಂಪಿಗೆ ಸರಿಸಿ ಮತ್ತೆ ಲೆಕ್ಕ ಹಾಕಿದೆ. ಮನೆಗೆ ಕೊಟ್ಟ ಗುಂಪಿನ ವಜ್ರ ಗೆರೆ ಬಿಟ್ಟು ಈಚೆ ಬಂತು. ಇನ್ನೊಂದರದು ಸ್ವಲ್ಪ ಹಿಂದೆ ಸರಿದು ಅಗಲವಾಯಿತು. ನಡುವಿನ ವ್ಯತ್ಯಾಸ ಇದೆ ಎನ್ನಲು ಏನೂ ಉಳಿಯಲಿಲ್ಲ.

ಊಟದ ಹೊತ್ತಿಗೆ ಗೆಳತಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿದಳು.

“ಸರಿ, ಬದಲಾಯಿಸು. ತಪ್ಪಾಯ್ತು ಅಂತ ಹೇಳು. ಆದ್ರೆ ಇಬ್ರೂ ಓದಿದ್ವಿ, ಇಬ್ರಿಗೂ ತಪ್ಪಾಯ್ತು ಅಂತ ಹೇಳು. ಓದಕ್ಕೇ ಬರ್ದೆ ಸೈನ್ ಹಾಕಿದಾಳೆ ಅಂತ ಗೊತ್ತಾದ್ರೆ ಮೇಡಂ ನನ್ ಮುಖ ನೋಡಲ್ಲ.”

“ಅಷ್ಟೇ ತಾನೆ, ಹಾಗೇ ಹೇಳ್ತೀನಿ,” ಎಂದೆ. ನಿಜವಾಗಿಯೂ ಹಾಗೇ ಹೇಳುವ ಮನಸ್ಸಿತ್ತು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು.

“ನೋಡಮ್ಮ, ರಿಸಲ್ಟ್ ನೋಡಿದ್ಮೇಲೆ ಗುಂಪು ಬದಲಾಯಿಸೋದು ಮೋಸ. ಯಾರ್ ಹೇಳ್ಕೊಟ್ಟಿದ್ದು ಇದನ್ನ? ನೀನೇ. ಇಬ್ಬರು ಬೇರೆ ಬೇರೆ ಓದಿ ಒಂದೇ ಉತ್ತರ ಬರೆದಿದೀರ. ಅದರ ಮುಂದೆ ಫೋನಲ್ಲಿ ನಿಮ್ಮಕ್ಕ ಹೇಳಿದ ಮಾತಿಗೆ ಎಷ್ಟು ತೂಕ ಕೊಡ್ಲಿ? ನಾಳೆ ಯಾರಾದ್ರೂ ಕೇಳಿದ್ರೆ, ಬಸುರಿಯರ ಮೇಲೆ ಕನಿಕರ ಬಂದು ಬದಲಾಯಿಸಿದ್ವಿ ಅನ್ಲಾ?”

ಅವರು ಹೇಳಿದ್ದು ಅಕ್ಷರಶಃ ಸರಿ. ಉತ್ತರ ಕಂಡ ಮೇಲೆ ಗುಂಪು ತಿದ್ದಬಾರದು ಎಂಬ ನಿಯಮ ಇರುವುದೇ ನಮ್ಮಂಥವರ ಆಸೆಗೆ ಕಡಿವಾಣ ಹಾಕಲು. ಆ ಎರಡು ಸಹಿಗಳು ನಿಜವಾಗಿದ್ದರೆ ನಾನೇ ಅವರ ಪಕ್ಷ ವಹಿಸುತ್ತಿದ್ದೆ. ಬಾಗಿಲ ಆಚೆ ಗೆಳತಿ ಕೀಬೋರ್ಡು ಒತ್ತುವ ಸದ್ದು ನಿಂತಿತ್ತು. ಇನ್ನೊಂದು ಮಾತು ಆಡದೆ ಎದ್ದು ಬಂದರೆ ನನ್ನ ಮಧ್ಯಾಹ್ನಗಳು ಉಳಿಯುತ್ತಿದ್ದವು. ಆದರೆ ಆ ತಾಲ್ಲೂಕುಗಳಲ್ಲಿ ಪೊಟ್ಟಣ ನಿಲ್ಲುತ್ತಿತ್ತು, ನಾನು ಹಾಕಿದ ಟಿಕ್ಕಿನಿಂದ.

“ಇಬ್ಬರು ಓದಿಲ್ಲ ಮೇಡಂ,” ಎಂದೆ. “ಓದಿದ್ದು ನಾನೊಬ್ಬಳೇ. ಅವಳು ಕೇಳಿಸ್ಕೊಂಡು ಬರೆದಳು.”

“ಸೈನ್ ಇದೆಯಲ್ಲ?”

“ಅದು ಸಮಕ್ಷಮ ಹಾಕಿದ್ದು.”

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಬ್ಬರೂ ಹೋಗಿ ಕೂತ್ಕೊಳ್ಳಿ,” ಎಂದರು.

ಮುಂದೆ ಅವರು ಮಾಡಿದ್ದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ನನ್ನ ಮಾತನ್ನೂ ನಂಬಲಿಲ್ಲ, ನಮ್ಮಕ್ಕನ ಮಾತನ್ನೂ ನಂಬಲಿಲ್ಲ. ಕೆ.ಆರ್. ಪುರದಲ್ಲಿದ್ದ ಒಬ್ಬ ನಿವೃತ್ತ ಆರೋಗ್ಯಾಧಿಕಾರಿಯನ್ನು ಹುಡುಕಿದರು. ಬೀದರಿನಿಂದ ಬಳ್ಳಾರಿಯವರೆಗೆ ಕೆಲಸ ಮಾಡಿದ್ದವರು. ಅವರಿಗೆ ನಮ್ಮ ಫಲಿತಾಂಶ ತಿಳಿಸದೆ, ಫಲಿತಾಂಶದ ಪುಟಗಳನ್ನು ತೆಗೆದು ಮೂರೂ ವರದಿ ಕಳಿಸಿದರು. ಒಂದೇ ಪ್ರಶ್ನೆ: ಮಾತ್ರೆ ಎಲ್ಲಿ ನುಂಗಿದರು? ಹತ್ತು ದಿನ ಕಾದೆವು. ಆ ಹತ್ತು ದಿನ ಗೆಳತಿ ಊಟಕ್ಕೆ ಕೆಳಗಿನ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಒಂದು ಸಲ ನಾನೂ ಡಬ್ಬಿ ಹಿಡಿದು ಇಳಿದೆ.

“ತಪ್ಪು ನಂದೇ ಕಣೇ,” ಎಂದೆ.

“ತಪ್ಪು ನಿಂದು, ಹೆಸರು ಹೋಗಿದ್ದು ನಂದು,” ಎಂದಳು. “ಮಾತು ಕೊಟ್ಟಿದ್ದೆ ನೀನು.”

ಕೊಟ್ಟಿದ್ದೆ. ಮತ್ತೆ ಮೇಲೆ ಹತ್ತಿ ಬಂದೆ.

ಕೆ.ಆರ್. ಪುರದಿಂದ ಚೀಟಿ ಬಂತು. ಮೂರರ ಮುಂದೆಯೂ ಒಂದೇ ಪದ: ಮನೆಯಲ್ಲಿ. ಗುಂಪು ಬದಲಾಯಿತು, ವ್ಯತ್ಯಾಸ ಹೋಯಿತು, ಶಿಫಾರಸು ಹೋಯಿತು. ಅದರ ಜಾಗದಲ್ಲಿ ನಾನು ಎಚ್ಚರದಿಂದ ಬರೆದೆ: ಎರಡು ರೀತಿಗಳ ನಡುವೆ ವ್ಯತ್ಯಾಸ ಇಲ್ಲವೆಂದು ಹೇಳುತ್ತಿಲ್ಲ, ಇದೆಯೆಂದು ಹೇಳಲು ಈ ಅಧ್ಯಯನಗಳಲ್ಲಿ ಸಾಕಷ್ಟು ಆಧಾರವಿಲ್ಲ, ಆದ್ದರಿಂದ ಮನೆಗೆ ಕೊಡುವುದನ್ನು ನಿಲ್ಲಿಸಲು ಕಾರಣ ಕಾಣುವುದಿಲ್ಲ. ಯಾರು ಏನು ಓದಿದರು, ತಪ್ಪು ಹೇಗಾಯಿತು, ಹೇಗೆ ತಿದ್ದಲಾಯಿತು ಎಂಬುದಕ್ಕೂ ಒಂದು ಪ್ಯಾರಾ ಹಾಕಿದೆವು. ಮೇಡಂ ಮೊದಲ ಪುಟ ತೆಗೆದು ನನ್ನ ಮುಂದಿಟ್ಟು ಒಂದು ಹೆಸರಿನ ಮೇಲೆ ಗೆರೆ ಎಳೆದರು. “ಇಂಗ್ಲಿಷ್ ಪೇಪರ್ಸ್ ಎಲ್ಲ ಅವಳು ಸರಿಯಾಗೇ ಓದಿದಾಳೆ ಮೇಡಂ,” ಎಂದೆ. “ಗೊತ್ತು,” ಎಂದರು. ಗೆರೆ ಹಾಗೇ ಉಳಿಯಿತು. ವರದಿ ಟೈಪು ಮಾಡುವವಳು ನಾನೇ ಆದ್ದರಿಂದ ಆ ಹೆಸರನ್ನು ಅಳಿಸಿದ್ದೂ ನಾನೇ. ತಿಂಗಳೊಳಗೆ ಅವಳು ದೊಮ್ಮಲೂರಿನ ಒಂದು ಕಚೇರಿಗೆ ಸೇರಿಕೊಂಡಳು. ಹೋಗುವ ದಿನ ನನ್ನ ಮೇಜಿನ ತನಕ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಅಕ್ಕ ಫೋನಿನಲ್ಲಿ ಉತ್ಸಾಹದಲ್ಲಿದ್ದಳು.

“ಗುಳಿಗಿ ಪಾಕೀಟು ಬಂದಾವ ನೋಡು. ಮೊದಲಿನಂಗ ಮನಿಗೇ ಕೊಡ್ರಿ ಅಂದಾರ. ನೀ ಏನರ ಬರದೀ ಏನು?”

“ಬರದೆ.”

“ಛಲೋ ಆತವಾ. ನಿನ್ನ ಜೋಡಿ ಆ ಹಲಸೂರಿನಾಕೀನೂ ಬರದಾಳಲ್ಲ, ಆಕಿಗೂ ಪುಣ್ಯ ಬರ್ಲಿ. ಹೆಂಗದಾಳ ಆಕಿ? ಇಬ್ರೂ ಕೂಡೇ ಉಣ್ತೀರಿಲ್ಲೋ?”

ಬೂತಿನ ಮೀಟರು ಓಡುತ್ತಿತ್ತು. ಅಕ್ಕನಿಗೆ ನನ್ನ ಬಗ್ಗೆ ಇದ್ದ ಒಂದೇ ಸಮಾಧಾನ ಅದು, ಊಟಕ್ಕೆ ಜೊತೆಗೆ ಒಬ್ಬಳಿದ್ದಾಳೆ ಎಂಬುದು.

“ಹೂಂ,” ಎಂದೆ. “ದಿನಾ ಉಣ್ತೀವಿ.”